ಇಳಿಯೋಕೆ ಇರೋದು ಒಂದೇ ಚಾನ್ಸ್

ಮಳೆಗಾಲದ ಒಂದು ಸಂಜೆ ವಿಜಯಪುರದ ಯಾವುದಾದರೂ ಮನೆಯ ತಾರಸಿ ಮೇಲೆ ನಿಂತು ದಕ್ಷಿಣಕ್ಕೆ ನೋಡಿ. ವಿಜಯಪುರ ಅಂದರೆ ಗೋಳಗುಮ್ಮಟದ ಊರಲ್ಲ, ದೇವನಹಳ್ಳಿ ತಾಲ್ಲೂಕಿನ ನಮ್ಮ ವಿಜಯಪುರ, ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಪಡುವಣ ಗಾಳಿ ಬೀಸುವ ದಿನಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು ಪೂರ್ವದ ಕಡೆಯಿಂದ ಗಾಳಿಗೆ ಎದುರಾಗಿ ಇಳಿಯುತ್ತವೆ. ದಾರಕ್ಕೆ ಪೋಣಿಸಿದ ಹಾಗೆ ಒಂದರ ಹಿಂದೆ ಒಂದು ದೀಪ.

ಆ ವಿಮಾನಗಳಲ್ಲಿ ಓಡಾಡಿದವರಿಗೆ ಒಂದು ಅನುಭವ ಆಗಿರಬಹುದು. ಇನ್ನೇನು ಚಕ್ರ ನೆಲಕ್ಕೆ ತಾಗಿತು ಅನ್ನುವಾಗ ಎಂಜಿನ್ ಗುಡುಗುತ್ತದೆ, ವಿಮಾನ ಮತ್ತೆ ಮೇಲಕ್ಕೇರುತ್ತದೆ. ಪಕ್ಕದ ಸೀಟಿನವರು ದೇವರ ಹೆಸರು ಹೇಳುತ್ತಾರೆ. ಪೈಲಟ್ ಮಾತ್ರ ಶಾಂತ ದನಿಯಲ್ಲಿ 'ಇನ್ನೊಂದು ಸುತ್ತು ಹಾಕಿ ಇಳಿಯುತ್ತೇವೆ' ಅಂತಾರೆ. ಇದಕ್ಕೆ 'ಗೋ ಅರೌಂಡ್' ಅಂತ ಹೆಸರು. ಹೆದರುವಂಥದ್ದೇನಲ್ಲ, ಸರಿ ಅನ್ನಿಸದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸುವ ಸೌಕರ್ಯ ಅಷ್ಟೆ.

ಈಗ ಆ ಸೌಕರ್ಯ ಇಲ್ಲದ ವಿಮಾನ ಊಹಿಸಿಕೊಳ್ಳಿ. ಎಂಜಿನ್ನೇ ಇಲ್ಲ. ಕೆಳಗೆ ಇಳಿದ ಮೇಲೆ 'ತಪ್ಪಾಯ್ತು, ಇನ್ನೊಂದು ಸಲ' ಅನ್ನುವಂತಿಲ್ಲ. ಅದನ್ನು ಇಳಿಸುತ್ತಿರುವುದು ಹದಿನೇಳು ವರ್ಷದ ಒಬ್ಬ ಹುಡುಗಿ ಅಥವಾ ಹುಡುಗ. ಇದೇ ಗ್ಲೈಡರ್. ಅದನ್ನು ಇಳಿಸಲು ಕಲಿಸುವುದು ಹೇಗೆ? ಸರಿಯಾಗಿ ಕಲಿಯದಿದ್ದರೆ ಏನಾಗುತ್ತದೆ? ಈ ಲೇಖನ ಅದರ ಬಗ್ಗೆ.

ನಮಗೇನೂ ಹೊಸದಲ್ಲ

ಗ್ಲೈಡರ್ ಅಂದರೆ ಎಲ್ಲೋ ಯುರೋಪಿನ ಶ್ರೀಮಂತರ ಆಟ ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಬೆಂಗಳೂರಿನಲ್ಲಿ 1940ರ ಡಿಸೆಂಬರ್‌ನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಮರುವರ್ಷವೇ ಒಂದು ಗ್ಲೈಡರ್ ತಯಾರಿಸಿತು. ಹೆಸರು ಜಿ-1. ಹತ್ತು ಜನ ಸೈನಿಕರು ಕೂರುವಂಥದ್ದು. ವಿನ್ಯಾಸ ಮಾಡಿದವರು ಡಾ. ವಿ.ಎಂ. ಘಾಟಗೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೂ ಹಿಂದೆ ಗ್ಲೈಡಿಂಗ್ ಕಲಿಸುತ್ತಿದ್ದರು. ಈಗ ಅವರ ಕೈಗೆ ಸಿಗುವುದು ಎಂಜಿನ್ ಇರುವ ಮೈಕ್ರೋಲೈಟ್.

ಇತ್ತೀಚಿನ ಉದಾಹರಣೆ ಬೇಕಾದರೆ ಚಳ್ಳಕೆರೆಗೆ ಬನ್ನಿ. ಚಿತ್ರದುರ್ಗ ಜಿಲ್ಲೆಯ ಆ ಬಯಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಇದೆ. 2023ರ ಏಪ್ರಿಲ್ 2ರ ಬೆಳಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಬಾಹ್ಯಾಕಾಶಕ್ಕೆ ಹೋಗಿ ಮರಳಿ ಬಂದು, ಮತ್ತೆ ಮತ್ತೆ ಬಳಸಬಹುದಾದ ವಾಹನದ ತಾಲೀಮು ಅದು. ಎಂಜಿನ್ ಬಲ ಇಲ್ಲ, ಪೈಲಟ್ ಇಲ್ಲ. ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು 'ಪುಷ್ಪಕ್' ಹೆಸರಿನಲ್ಲಿ ಇನ್ನೆರಡು ಪರೀಕ್ಷೆ ನಡೆದವು. ಆ ಸಲ ಬೇಕಂತಲೇ ಅದನ್ನು ರನ್‌ವೇಯ ನೇರಕ್ಕೆ ಬಿಡಲಿಲ್ಲ. ಮಾರ್ಚ್‌ನಲ್ಲಿ 150 ಮೀಟರ್, ಜೂನ್‌ನಲ್ಲಿ 500 ಮೀಟರ್ ಪಕ್ಕಕ್ಕೆ ಬಿಟ್ಟರು. ತಪ್ಪು ಜಾಗದಿಂದ ಶುರು ಮಾಡಿ ಸರಿ ಜಾಗಕ್ಕೆ ಬರಬೇಕು, ಅದೂ ಒಂದೇ ಪ್ರಯತ್ನದಲ್ಲಿ. ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟಿದ ಅದು ಬಾಲದ ಪ್ಯಾರಾಶೂಟ್ ಬಿಚ್ಚಿ ನಿಧಾನ ಮಾಡಿಕೊಂಡಿತು.

ಕಂಪ್ಯೂಟರ್‌ಗೆ ಚಳ್ಳಕೆರೆಯಲ್ಲಿ ಕಲಿಸಿದ್ದನ್ನೇ ಗ್ಲೈಡಿಂಗ್ ಶಾಲೆಗಳಲ್ಲಿ ಬೋಧಕರು ಮಕ್ಕಳಿಗೆ ಕಲಿಸುತ್ತಾರೆ. ವೇಗ ಕಡಿಮೆ, ಗಂಟೆಗೆ ಸುಮಾರು 90–100 ಕಿ.ಮೀ. ಆದರೆ ಕಂಪ್ಯೂಟರ್‌ಗೆ ಭಯ ಆಗುವುದಿಲ್ಲ. ಮಕ್ಕಳಿಗೆ ಆಗುತ್ತದೆ. ಪಾಠದ ಅರ್ಧ ಭಾಗ ಆ ಭಯದ ಬಗ್ಗೆಯೇ.

ಎತ್ತರವೇ ದುಡ್ಡು

ಮಧ್ಯಾಹ್ನ ಬಿಸಿಲೇರಿದ ಮೇಲೆ ನಮ್ಮೂರ ಹದ್ದುಗಳನ್ನು ನೋಡಿ. ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಹಾಕುತ್ತಾ ಮೇಲೇರುತ್ತವೆ. ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ, ಹದ್ದು ಅದರೊಳಗೇ ತಿರುಗುತ್ತಿರುತ್ತದೆ. ಗ್ಲೈಡರ್ ಮಾಡುವುದೂ ಅದನ್ನೇ. ನೆಲದ ಮೇಲಿನ ವಿಂಚ್ ಯಂತ್ರ ಉದ್ದದ ಹಗ್ಗದಿಂದ ಸರ‍್ರನೆ ಎಳೆದು ಮೇಲಕ್ಕೆ ಕಳಿಸುತ್ತದೆ, ಗಾಳಿಪಟ ಎಬ್ಬಿಸಿದ ಹಾಗೆ. ಇಲ್ಲವೇ ಇನ್ನೊಂದು ವಿಮಾನ ಎಳೆದೊಯ್ಯುತ್ತದೆ. ಹಗ್ಗ ಕಳಚಿದ ಮೇಲೆ ಗ್ಲೈಡರ್ ಸದಾ ಕೆಳಕ್ಕೆ ಜಾರುತ್ತಲೇ ಇರುತ್ತದೆ. ಗಾಳಿ ಅದಕ್ಕಿಂತ ಜೋರಾಗಿ ಮೇಲೇಳುತ್ತಿದ್ದರೆ ಮಾತ್ರ ಏರುತ್ತದೆ.

ಜಾರುವುದು ಅಂದರೆ ಕಲ್ಲಿನ ಹಾಗೆ ಬೀಳುವುದಲ್ಲ. ಜಗತ್ತಿನ ಬಹಳಷ್ಟು ಕ್ಲಬ್‌ಗಳಲ್ಲಿರುವ ಎಎಸ್‌ಕೆ-21 ಎಂಬ ತರಬೇತಿ ಗ್ಲೈಡರ್ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಮೀಟರ್ ಮುಂದೆ ಸಾಗಬಲ್ಲದು. ಲೆಕ್ಕ ಹಾಕಿ: ವಿಜಯಪುರದ ಮೇಲೆ ಸಾವಿರ ಅಡಿ ಎತ್ತರದಲ್ಲಿದ್ದರೆ, ಗಾಳಿ ಸ್ತಬ್ಧವಾಗಿದ್ದರೆ, ಕಾಗದದ ಮೇಲೆ 10 ಕಿ.ಮೀ. ಹೋಗಬಹುದು, ಹೆಚ್ಚುಕಮ್ಮಿ ದೇವನಹಳ್ಳಿಯ ಅಂಚಿಗೆ. (ಕಾಗದದ ಮೇಲೆ ಮಾತ್ರ. ಇದು ವಿಮಾನ ನಿಲ್ದಾಣದ ನಿಯಂತ್ರಣದಲ್ಲಿರುವ ಆಕಾಶ, ಯಾರೆಂದರೆ ಅವರು ಹಾರುವ ಜಾಗ ಅಲ್ಲ.) ಆದರೆ ಎದುರುಗಾಳಿ ಇದ್ದರೆ ಆ ದೂರ ಕುಗ್ಗುತ್ತದೆ. ಕೆಳಕ್ಕೆ ಒತ್ತುವ ಗಾಳಿ ಸಿಕ್ಕರೆ ಅರ್ಧಕ್ಕರ್ಧ ಮಾಯ.

ಹಾಗಾಗಿ ಬೋಧಕರು ಮೊದಲ ದಿನವೇ ಹೇಳುವ ಮಾತು: ಎತ್ತರ ಅಂದರೆ ಬ್ಯಾಂಕಿನಲ್ಲಿರೋ ದುಡ್ಡು. ಸಂಬಳ ಬರೋ ಗ್ಯಾರಂಟಿ ಇಲ್ಲ, ಖರ್ಚು ಮಾತ್ರ ನಿಲ್ಲಲ್ಲ. ತಿಂಗಳ ಕೊನೆಗೆ ಮನೆ ಬಾಡಿಗೆಗೆ ಅಂತ ಒಂದಷ್ಟು ಎತ್ತಿಡುತ್ತೀವಲ್ಲ, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ಇಳಿಯೋಕೆ ಬೇಕಾದ ಎತ್ತರ ಆ ಬಾಡಿಗೆ ದುಡ್ಡು. 'ಇನ್ನೊಂದೇ ಒಂದು ಬಿಸಿಗಾಳಿ ಸಿಗಬಹುದು, ನೋಡೋಣ' ಅಂತ ಅದಕ್ಕೆ ಕೈ ಹಾಕಿದವರೇ ಹೆಚ್ಚು ಸಲ ತೊಂದರೆಗೆ ಸಿಕ್ಕಿದ್ದಾರೆ.

ಇಳಿಯೋದು ಶುರುವಾಗೋದು ಮೇಲೆ

ನೋಡುವವರಿಗೆ ಲ್ಯಾಂಡಿಂಗ್ ಅಂದರೆ ಚಕ್ರ ನೆಲಕ್ಕೆ ತಾಗುವ ಕ್ಷಣ. ಕಲಿಸುವವರಿಗೆ ಅದು ಏಳೆಂಟು ನೂರು ಅಡಿ ಎತ್ತರದಲ್ಲೇ ಶುರುವಾಗುತ್ತದೆ. ಗ್ಲೈಡರ್ ರನ್‌ವೇಯ ಒಂದು ಪಕ್ಕಕ್ಕೆ ಬಂದು, ಗಾಳಿ ಬೀಸುವ ದಿಕ್ಕಿಗೇ ರನ್‌ವೇಗೆ ಸಮಾನಾಂತರವಾಗಿ ಹಾರುತ್ತದೆ. ಇದು ಡೌನ್‌ವಿಂಡ್. ಆಮೇಲೆ ರನ್‌ವೇ ಕಡೆ ಅಡ್ಡಕ್ಕೆ ಒಂದು ತಿರುವು, ಅದು ಬೇಸ್. ಮತ್ತೊಂದು ತಿರುವು ತೆಗೆದುಕೊಂಡರೆ ರನ್‌ವೇ ನೇರ ಎದುರಿಗೆ, ಗಾಳಿ ಮುಖಕ್ಕೆ. ಇದು ಫೈನಲ್. ಎಲ್ಲ ಸೇರಿ ಸರ್ಕ್ಯೂಟ್. ಕೊನೆಯ ತಿರುವು ಮುಗಿದಾಗ ಇನ್ನೂ ಸುಮಾರು 300 ಅಡಿ ಕೈಯಲ್ಲಿರಬೇಕು ಅನ್ನುವುದು ಸಾಮಾನ್ಯ ಶಿಸ್ತು.

ಸರ್ಕ್ಯೂಟಿಗೆ ಇಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ಗಾಳಿ ಎಲ್ಲಿಂದ? ರನ್‌ವೇ ಮೇಲೆ ಯಾರಿದ್ದಾರೆ? ಬೇರೆ ಯಾವ ಗ್ಲೈಡರ್ ಇಳಿಯುತ್ತಿದೆ? ಬೆಲ್ಟ್ ಬಿಗಿ ಇದೆಯಾ? ಚಕ್ರ ಮಡಚುವಂಥದ್ದಾದರೆ ಹೊರಗೆ ಬಂದಿದೆಯಾ? ಮುಖ್ಯವಾಗಿ, ಎಷ್ಟು ವೇಗದಲ್ಲಿ ಇಳಿಯುತ್ತೀನಿ?

ಕೊನೆಯ ಪ್ರಶ್ನೆಗೆ ಉತ್ತರದ ಸುಳಿವು ವೇಗಸೂಚಕದ ಮೇಲೇ ಇರುತ್ತದೆ, ಒಂದು ಹಳದಿ ತ್ರಿಕೋನ. ಪೂರ್ತಿ ಭಾರ ಹೊತ್ತಾಗಲೂ ಅಪ್ರೋಚಿನಲ್ಲಿ ಇದಕ್ಕಿಂತ ಕಡಿಮೆ ವೇಗಕ್ಕೆ ಬರಬೇಡ ಅನ್ನುವ ಗುರುತು ಅದು. ಗಾಳಿ ಜೋರಿದ್ದ ದಿನ ಅದರ ಮೇಲೆ ಇನ್ನಷ್ಟು ಸೇರಿಸಬೇಕು. ಯಾಕೆ ಗೊತ್ತಾ? ಮರ, ಗಿಡ, ಕಟ್ಟಡಗಳ ತಡೆಯಿಂದ ನೆಲದ ಹತ್ತಿರ ಗಾಳಿ ನಿಧಾನ ಆಗುತ್ತದೆ. ಮೇಲೆ ಜೋರಾದ ಎದುರುಗಾಳಿಯಲ್ಲಿ ಇಳಿಯುತ್ತಾ ಬಂದ ಗ್ಲೈಡರ್ ಆ ನಿಧಾನ ಗಾಳಿಗೆ ಬಂದ ತಕ್ಷಣ ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಕುಸಿಯುತ್ತದೆ. ಕೈಯಲ್ಲಿ ಮಿಗುತಾಯ ಇಲ್ಲದಿದ್ದರೆ ಕೊನೆಯ ಐವತ್ತು ಅಡಿಯಲ್ಲಿ ಸಿಕ್ಕಿಬಿದ್ದ ಹಾಗೆ.

ಗಾಜಿನ ಮೇಲೊಂದು ಚುಕ್ಕೆ

ಎತ್ತರ ತೋರಿಸುವ ಮೀಟರ್ ಗ್ಲೈಡರಿನಲ್ಲೂ ಇರುತ್ತದೆ. ಒಳ್ಳೆಯ ಬೋಧಕರು ಒಂದು ಹಂತದಲ್ಲಿ ಅದರ ಮೇಲೆ ಏನಾದರೂ ಅಡ್ಡ ಇಟ್ಟು ಮುಚ್ಚಿಬಿಡುತ್ತಾರೆ. ವಿದ್ಯಾರ್ಥಿ ಕಂಗಾಲು. 'ಸರ್, ಎಷ್ಟು ಎತ್ತರ ಇದ್ದೀವಿ ಅಂತ ಹೇಗೆ ಗೊತ್ತಾಗುತ್ತೆ?' 'ಹೊರಗೆ ನೋಡು. ರನ್‌ವೇ ಎಷ್ಟು ಓರೆಯಾಗಿ ಕಾಣುತ್ತೆ ನೋಡು.'

ಇದರ ಹಿಂದೆ ಕಾರಣ ಇದೆ. ಒಂದಲ್ಲ ಒಂದು ದಿನ ಗುರುತೇ ಇಲ್ಲದ ಹೊಲದಲ್ಲಿ ಇಳಿಯಬೇಕಾಗಬಹುದು. ಆ ಹೊಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಮೀಟರಿಗೆ ಗೊತ್ತಿರುವುದಿಲ್ಲ. ಕಣ್ಣಿಗೆ ಕೋನ ಮಾತ್ರ ಗೊತ್ತು. ಎದುರಿನಿಂದ ಬಸ್ ಬರುವಾಗ ರಸ್ತೆ ದಾಟಬಹುದಾ ಬೇಡವಾ ಅಂತ ಯಾವ ಮೀಟರ್ ನೋಡಿ ನಿರ್ಧರಿಸುತ್ತೀರಿ ಹೇಳಿ?

ಫೈನಲ್‌ಗೆ ಬಂದ ಮೇಲೆ ಇನ್ನೂ ಸರಳವಾದ ಉಪಾಯ ಇದೆ. ರನ್‌ವೇ ಮೇಲೆ ಒಂದು ಜಾಗ ಆರಿಸಿಕೊಳ್ಳಿ. ವೇಗ ಬದಲಾಗದಂತೆ, ಮೂಗು ಅಲುಗದಂತೆ ಹಿಡಿಯಿರಿ. ಆ ಜಾಗ ಎದುರಿನ ಗಾಜಿನ ಮೇಲೆ ಅಲ್ಲಾಡದೆ ಒಂದೇ ಕಡೆ ನಿಂತಿದ್ದು, ಬರಬರುತ್ತಾ ದೊಡ್ಡದಾಗುತ್ತಿದ್ದರೆ ಸರಿಯಾಗಿ ಅಲ್ಲಿಗೇ ಹೋಗುತ್ತಿದ್ದೀರಿ. ಅದು ಗಾಜಿನ ಮೇಲೆ ಕೆಳಗೆ ಜಾರಿ ಮೂಗಿನ ಅಡಿಗೆ ಹೋಗುತ್ತಿದ್ದರೆ ಎತ್ತರ ಜಾಸ್ತಿಯಾಗಿದೆ, ಜಾಗ ದಾಟಿ ಹೋಗುತ್ತೀರಿ. ಮೇಲೆ ಸರಿಯುತ್ತಿದ್ದರೆ ಎತ್ತರ ಸಾಲದು, ಅದರ ಈಚೆಗೇ ನೆಲ ಮುಟ್ಟುತ್ತೀರಿ.

ಎತ್ತರ ಜಾಸ್ತಿಯಾದರೆ ಕಳೆಯೋಕೆ ಎಡಗೈಗೆ ಒಂದು ನೀಲಿ ಹಿಡಿ ಇರುತ್ತದೆ, ಅದೇ ಏರ್‌ಬ್ರೇಕ್. ಎಳೆದರೆ ರೆಕ್ಕೆಯಿಂದ ಹಲಗೆಯಂಥ ಪಟ್ಟಿ ಎದ್ದು ಗಾಳಿಗೆ ಅಡ್ಡ ನಿಲ್ಲುತ್ತದೆ, ಗ್ಲೈಡರ್ ಕಡಿದಾಗಿ ಇಳಿಯುತ್ತದೆ. ಮುಚ್ಚಿದರೆ ಮತ್ತೆ ತೇಲುತ್ತದೆ. ಅಪ್ರೋಚನ್ನು ಸುಮಾರು ಅರ್ಧ ಏರ್‌ಬ್ರೇಕ್ ತೆರೆದುಕೊಂಡು ಬರುವ ಹಾಗೆ ಯೋಜಿಸಬೇಕು. ಆಗ ಎತ್ತರ ಹೆಚ್ಚಾದರೆ ಇನ್ನಷ್ಟು ತೆರೆಯಬಹುದು, ಕಡಿಮೆಯಾದರೆ ಮುಚ್ಚಬಹುದು. ಎರಡೂ ಕಡೆ ಜಾಗ ಇರುತ್ತದೆ.

ಮೊದಮೊದಲು ಬೋಧಕರು ಸ್ಟಿಕ್ ತಾವೇ ಹಿಡಿದು, ವಿದ್ಯಾರ್ಥಿಗೆ ಈ ನೀಲಿ ಹಿಡಿಯನ್ನಷ್ಟೇ ಕೊಡುತ್ತಾರೆ. ಒಂದು ಸಲಕ್ಕೆ ಒಂದೇ ಕೆಲಸ. ಕಾರು ಕಲಿಯುವಾಗ ಮೊದಲ ದಿನವೇ ಕ್ಲಚ್, ಗೇರ್, ಸ್ಟೇರಿಂಗ್ ಮೂರೂ ಒಟ್ಟಿಗೆ ಕೊಟ್ಟರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಎಳೀಬೇಡ!

ಈಗ ಅತಿ ಕಷ್ಟದ ಪಾಠ. ರನ್‌ವೇ ಇನ್ನೂ ದೂರ ಇದೆ, ಎತ್ತರ ಕಡಿಮೆ ಆಗಿದೆ, ನಡುವೆ ಒಂದು ಬೇಲಿ. ನಿಮ್ಮ ಕೈ ಏನು ಮಾಡುತ್ತದೆ? ಸ್ಟಿಕ್ ಹಿಂದಕ್ಕೆ ಎಳೆಯುತ್ತದೆ. ಮೂಗು ಮೇಲಾದರೆ ಮೇಲೆ ಹೋಗುತ್ತೀವಿ ಅಂತ ಮೈಗೆ ಮೈಯೇ ನಂಬಿಬಿಟ್ಟಿದೆ. ಒಂದೆರಡು ಸೆಕೆಂಡ್ ಹೌದು ಅನ್ನಿಸುತ್ತದೆ ಕೂಡ. ಆಮೇಲೆ ವೇಗ ಇಳಿಯುತ್ತದೆ. ವೇಗ ಇಳಿದಷ್ಟೂ ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆ, ಗ್ಲೈಡರ್ ಮೊದಲಿಗಿಂತ ಜೋರಾಗಿ ಕುಸಿಯುತ್ತದೆ. ಮತ್ತೂ ಎಳೆದರೆ ರೆಕ್ಕೆ ಗಾಳಿಯ ಹಿಡಿತವನ್ನೇ ಬಿಟ್ಟುಬಿಡುತ್ತದೆ. ಇದೇ ಸ್ಟಾಲ್.

ಆಧುನಿಕ ಹಾರಾಟದ ಪಿತಾಮಹ ಅನ್ನಿಸಿಕೊಂಡ ಜರ್ಮನಿಯ ಒಟ್ಟೊ ಲಿಲಿಯಂಥಾಲ್ ತಾನೇ ಮಾಡಿಕೊಂಡ ಗ್ಲೈಡರ್‌ಗಳಲ್ಲಿ ಎರಡು ಸಾವಿರದಷ್ಟು ಸಲ ಹಾರಿದ್ದ. 1896ರ ಆಗಸ್ಟ್‌ನಲ್ಲಿ ಆತನ ಗ್ಲೈಡರ್ ಸ್ಟಾಲ್ ಆಗಿ ಬಿತ್ತು, ಮಾರನೆಯ ದಿನ ತೀರಿಕೊಂಡ. ಅಂದಿನಿಂದ ಇಂದಿನವರೆಗೆ ಪಾಠ ಅದೇ: ಇಲ್ಲದ ಎತ್ತರವನ್ನು ಎಳೆದು ತರೋಕಾಗಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಏರ್‌ಬ್ರೇಕ್ ಪೂರ್ತಿ ಮುಚ್ಚು. ವೇಗ ಕಡಿಮೆ ಆಗಿದ್ದರೆ ಮೂಗು ಕೆಳಗೆ ಮಾಡಿ ವೇಗ ತಂದುಕೋ. ಹೌದು, ನೆಲ ಹತ್ತಿರ ಬರುತ್ತಿರುವಾಗಲೇ ಮೂಗನ್ನು ನೆಲದ ಕಡೆ ತಿರುಗಿಸಬೇಕು. ಎದುರುಗಾಳಿ ಇದ್ದಾಗ ಸ್ವಲ್ಪ ಹೆಚ್ಚು ವೇಗದಲ್ಲಿ ಹೋಗುವವರೇ ಹೆಚ್ಚು ದೂರ ತಲುಪುತ್ತಾರೆ. ಅಷ್ಟಾದರೂ ಸಾಲದಿದ್ದರೆ ಬೇಲಿಯ ಈಚೆಗೇ, ರೆಕ್ಕೆ ಸಮ ಇಟ್ಟುಕೊಂಡು, ಹಿಡಿತದಲ್ಲೇ ಇಳಿ. ಗ್ಲೈಡರಿಗೆ ಗೀರು ಬೀಳಬಹುದು, ಕ್ಲಬ್ಬಿನಲ್ಲಿ ನಾಲ್ಕು ದಿನ ಗೇಲಿ ಮಾಡಬಹುದು. ನಡೆದುಕೊಂಡು ಮನೆಗೆ ಹೋಗುತ್ತೀಯ.

ಇದನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ತಲೆಗೆ ಗೊತ್ತಾದರೆ ಸಾಲದು, ಕೈಗೆ ಗೊತ್ತಾಗಬೇಕು. ಅದಕ್ಕೇ ಮೇಲೆ ಸಾಕಷ್ಟು ಎತ್ತರದಲ್ಲಿ ಬೇಕಂತಲೇ ಸ್ಟಾಲ್ ಮಾಡಿಸುತ್ತಾರೆ. ಮೂಗು ಕುಸಿಯುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ, ಸ್ಟಿಕ್ ಮುಂದಕ್ಕೆ ಒತ್ತಿದರೆ ಗ್ಲೈಡರ್ ಮತ್ತೆ ಹಾರುತ್ತದೆ. ಹತ್ತು ಸಲ, ಇಪ್ಪತ್ತು ಸಲ. ಭಯವಾದಾಗ ಕೈ ಮುಂದಕ್ಕೆ ಹೋಗಬೇಕು ಅನ್ನುವುದು ಅಭ್ಯಾಸ ಆಗುವವರೆಗೆ.

ಕೊನೆಯ ತಿರುವಿನ ಬಲೆ

ಎಳೆಯುವ ಕೈಯ ಜೊತೆ ತಪ್ಪು ಕಾಲೂ ಸೇರಿದರೆ ಇನ್ನೂ ಅಪಾಯ. ಬೇಸ್‌ನಿಂದ ಫೈನಲ್‌ಗೆ ತಿರುಗುವಾಗ ಎತ್ತರ ಕಡಿಮೆ ಆಗಿದೆ ಅಂದುಕೊಳ್ಳಿ. ನೆಲ ಹತ್ತಿರ ಕಾಣುತ್ತಿದ್ದರೆ ರೆಕ್ಕೆ ಓರೆ ಮಾಡಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ವಿದ್ಯಾರ್ಥಿ ರೆಕ್ಕೆಯನ್ನು ಓರೆ ಮಾಡದೆ ಕಾಲಿನ ರಡರ್ ಒತ್ತಿ ಮೂಗನ್ನಷ್ಟೇ ರನ್‌ವೇ ಕಡೆ ತಳ್ಳುತ್ತಾನೆ. ಮೂಗು ಕೆಳಗಾಗುತ್ತದೆ. ಅದನ್ನು ಎತ್ತಲು ಸ್ಟಿಕ್ ಎಳೆಯುತ್ತಾನೆ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ಗ್ಲೈಡರ್ ಬುಗುರಿಯಂತೆ ಸುತ್ತುತ್ತಾ ಬೀಳುತ್ತದೆ. ಇದಕ್ಕೆ ಸ್ಪಿನ್ ಅಂತಾರೆ. ಮೂರು ಸಾವಿರ ಅಡಿಯಲ್ಲಿ ಇದು ಒಂದು ಪಾಠ. ಮುನ್ನೂರು ಅಡಿಯಲ್ಲಿ ಸಾಮಾನ್ಯವಾಗಿ ಎರಡನೇ ಪಾಠ ಇರುವುದಿಲ್ಲ.

ತಿರುಗುವಾಗ ಸ್ಟಾಲ್ ಆಗುವ ವೇಗವೂ ಏರುತ್ತದೆ. ರೆಕ್ಕೆ 45 ಡಿಗ್ರಿ ಓರೆಯಾದರೆ ಶೇ 19ರಷ್ಟು, 60 ಡಿಗ್ರಿ ಆದರೆ ಶೇ 41ರಷ್ಟು. ಅದಕ್ಕೇ ತಿರುವಿಗೆ ಮೊದಲೇ ಅಪ್ರೋಚ್ ವೇಗ ಬಂದಿರಬೇಕು, ಓರೆ ಹದವಾಗಿರಬೇಕು, ಕೈ–ಕಾಲು ಒಟ್ಟಿಗೆ ಕೆಲಸ ಮಾಡಬೇಕು.

ಕೈ–ಕಾಲಿನ ಹೊಂದಾಣಿಕೆ ತೋರಿಸುವ ಸಾಧನ ಯಾವುದು ಗೊತ್ತಾ? ಒಂದು ಗೇಣಿಗಿಂತ ಚಿಕ್ಕ ಉಣ್ಣೆ ದಾರ. ಎದುರಿನ ಗಾಜಿನ ಮೇಲೆ ಟೇಪ್ ಹಾಕಿ ಅಂಟಿಸಿರುತ್ತಾರೆ. ದಾರ ನೇರ ಹಿಂದಕ್ಕೆ ಹಾರುತ್ತಿದ್ದರೆ ಎಲ್ಲ ಸರಿ. ಪಕ್ಕಕ್ಕೆ ವಾಲಿದರೆ ಗ್ಲೈಡರ್ ಅಡ್ಡಡ್ಡ ಜಾರುತ್ತಿದೆ. ಲಕ್ಷಾಂತರ ರೂಪಾಯಿಯ ಯಂತ್ರದಲ್ಲಿ ಜೀವ ಕಾಯುವುದು ಒಂದು ತುಂಡು ದಾರ.

ಕೊನೆಯ ಇಪ್ಪತ್ತು ಅಡಿ

ನೆಲ ಹತ್ತಿರ ಬಂದಾಗ ಹೊಸಬರೆಲ್ಲ ಮೂಗಿನ ಕೆಳಗಿನ ಹುಲ್ಲು ನೋಡುತ್ತಾರೆ. ಅದು ಸರ‍್ರನೆ ಓಡುತ್ತಿರುವುದರಿಂದ ಎಷ್ಟು ಎತ್ತರದಲ್ಲಿದ್ದೀವಿ ಅಂತ ತಿಳಿಯುವುದೇ ಇಲ್ಲ. ನೋಡಬೇಕಾದ್ದು ರನ್‌ವೇಯ ಆಚೆ ತುದಿ. ಹದಿನೈದು–ಇಪ್ಪತ್ತು ಅಡಿಯಲ್ಲಿ ಮೆಲ್ಲಗೆ ಸ್ಟಿಕ್ ಹಿಂದಕ್ಕೆ ತಂದು ಇಳಿಜಾರನ್ನು ಸಮ ಮಾಡಬೇಕು. ಆಮೇಲೆ ನೆಲದ ಮೇಲೆ ಒಂದೆರಡು ಅಡಿಯಲ್ಲಿ ಹಿಡಿದಿಟ್ಟುಕೊಂಡು, ವೇಗ ತಾನಾಗಿ ಕರಗುವವರೆಗೆ ಕಾಯಬೇಕು. ಆಗ ಗ್ಲೈಡರ್ ತಾನೇ ಕೂರುತ್ತದೆ.

ಕಾಯುವುದೇ ಕಷ್ಟ. ಅವಸರದಲ್ಲಿ ಜೋರಾಗಿ ಎಳೆದರೆ ಬಲೂನಿನ ಹಾಗೆ ಮೇಲೆ ಏಳುತ್ತದೆ. ಗಾಬರಿಯಾಗಿ ಮುಂದೆ ತಳ್ಳಿದರೆ ಮೂಗು ನೆಲಕ್ಕೆ ಬಡಿಯುತ್ತದೆ. ಮೇಲೆದ್ದಿತಾ? ಏರ್‌ಬ್ರೇಕ್ ಸ್ವಲ್ಪ ಮುಚ್ಚಿ, ಮೂಗು ಸಮ ಮಾಡಿಕೊಂಡು, ಸುಮ್ಮನೆ ಹಿಡಿದುಕೋ. ಅದಾಗಿ ಇಳಿಯುವಾಗ ಮತ್ತೆ ಮೆಲ್ಲಗೆ ಸಮ ಮಾಡು. ಚಕ್ರ ತಾಗಿದ ಮೇಲೂ ಕೆಲಸ ಮುಗಿದಿಲ್ಲ. ನಿಲ್ಲುವವರೆಗೆ ಅದು ಇನ್ನೂ ವಿಮಾನವೇ.

ಹಿಂದಿನ ಸೀಟಿನ ಕೈ

ಇಷ್ಟೂ ಹೊತ್ತು ಬೋಧಕ ಎಲ್ಲಿ? ಬಹಳಷ್ಟು ತರಬೇತಿ ಗ್ಲೈಡರ್‌ಗಳಲ್ಲಿ ಹಿಂದಿನ ಸೀಟಿನಲ್ಲಿ. ನಮ್ಮ ದೇಶದಲ್ಲೇ ವಿನ್ಯಾಸಗೊಂಡು 1961ರಲ್ಲಿ ಮೊದಲು ಹಾರಿದ 'ರೋಹಿಣಿ' ಗ್ಲೈಡರಿನಲ್ಲಿ ಮಾತ್ರ ಇಬ್ಬರೂ ಪಕ್ಕಪಕ್ಕ ಕೂರುತ್ತಿದ್ದರು. ಎಲ್ಲೇ ಕೂರಲಿ, ಬೋಧಕರ ಕೈ ಸ್ಟಿಕ್‌ನಿಂದ ಸ್ವಲ್ಪವೇ ದೂರ ಇರುತ್ತದೆ, ಮುಟ್ಟುವುದಿಲ್ಲ. ಮುಟ್ಟಿದರೆ ವಿದ್ಯಾರ್ಥಿಗೆ ತಾನು ಇಳಿಸಿದೆನೋ ಅವರು ಇಳಿಸಿದರೋ ಗೊತ್ತಾಗುವುದಿಲ್ಲ. ಬೇಗ ಕೈ ಹಾಕಿದರೆ ಹುಡುಗ ಕಲಿಯಲ್ಲ. ತಡವಾಗಿ ಹಾಕಿದರೆ ಇಬ್ಬರೂ ಉಳಿಯಲ್ಲ. ತಪ್ಪು ಎಲ್ಲಿಯವರೆಗೆ ಬೆಳೆಯಲು ಬಿಡಬಹುದು ಅನ್ನುವ ಲೆಕ್ಕವೇ ಬೋಧಕನ ಕಸುಬು. ಹಾಕಲೇಬೇಕಾದಾಗ 'ಐ ಹ್ಯಾವ್ ಕಂಟ್ರೋಲ್' ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ವಿದ್ಯಾರ್ಥಿ ಕೈಬಿಡಬೇಕು, ವಾದ ಇಲ್ಲ.

ವಿಂಚಿನ ಹಗ್ಗ ಅರ್ಧದಲ್ಲೇ ತುಂಡಾದರೆ ಅನ್ನುವ ಪರೀಕ್ಷೆಯನ್ನೂ ಇವರು ಮುನ್ಸೂಚನೆ ಕೊಡದೆ ಮಾಡುತ್ತಾರೆ. ಮೂಗು ಆಕಾಶ ನೋಡುತ್ತಿರುವಾಗ ಬೋಧಕರು ಹಗ್ಗ ಕಳಚಿಬಿಡುತ್ತಾರೆ. ಉತ್ತರ ಮತ್ತೆ ಅದೇ: ಮೊದಲು ಮೂಗು ಕೆಳಗೆ, ವೇಗ ಬರುವವರೆಗೆ ಕಾಯಿ, ಆಮೇಲೆ ಯೋಚಿಸು. ಎದುರಿಗೆ ರನ್‌ವೇ ಉಳಿದಿದ್ದರೆ ನೇರ ಇಳಿ. ವೇಗ ಬರುವ ಮೊದಲು ತಿರುಗಬೇಡ, ಏರ್‌ಬ್ರೇಕ್ ತೆಗೆಯಬೇಡ.

ಒಂದು ದಿನ ಬೋಧಕರು ಇಳಿದು, ಖಾಲಿ ಸೀಟಿನ ಬೆಲ್ಟ್ ಬಿಗಿದು, 'ಹೋಗಿ ಬಾ' ಅನ್ನುತ್ತಾರೆ. ಮೊದಲ ಸೋಲೋ. ಹಿಂದೆ ಭಾರ ಇಲ್ಲದ್ದರಿಂದ ಗ್ಲೈಡರ್ ಹಗುರ, ಇಳಿಯುವಾಗ ಇನ್ನೂ ಸ್ವಲ್ಪ ತೇಲುತ್ತದೆ. ನೆಲದ ಮೇಲೆ ನಿಂತ ಬೋಧಕರು ಏನೂ ಮಾಡುವಂತಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ ಆಗಿರಬೇಕು.

ನಮ್ಮ ಹೊಲಗಳಲ್ಲಿ ಇಳಿಯೋದಾದರೆ?

ದೂರ ಹಾರುವವರು ರನ್‌ವೇಗೆ ಮರಳಲಾಗದೆ ಹೊಲಗಳಲ್ಲಿ ಇಳಿಯುವುದು ಗ್ಲೈಡಿಂಗ್‌ನಲ್ಲಿ ಮಾಮೂಲು. ಅದಕ್ಕೂ ಒಂದು ಮೆಟ್ಟಿಲ ಲೆಕ್ಕ ಇದೆ. 2,000 ಅಡಿಗೆ ಇಳಿದಾಗ ಒಳ್ಳೆಯ ಪ್ರದೇಶ ನೋಡಿಕೋ, 1,500ಕ್ಕೆ ಹೊಲ ಆರಿಸು, 1,000ಕ್ಕೆ ಸರ್ಕ್ಯೂಟ್ ಶುರು ಮಾಡು. ಅಲ್ಲಿಂದ ಮುಂದೆ ಮನಸ್ಸು ಬದಲಾಯಿಸುವಂತಿಲ್ಲ.

ನಮ್ಮ ಸೀಮೆಯನ್ನು ಆ ಕಣ್ಣಿನಿಂದ ನೋಡಿ. ದ್ರಾಕ್ಷಿ ತೋಟ ಮೇಲಿನಿಂದ ಹಸಿರು ಹಾಸಿಗೆಯಂತೆ ಕಾಣುತ್ತದೆ, ಒಳಗೆ ಸಾಲುಸಾಲು ಕಲ್ಲುಕಂಬ, ತಂತಿ. ನೀಲಗಿರಿ ತೋಪಿನ ಪಕ್ಕದ ಹೊಲಕ್ಕೆ ಮರದ ಎತ್ತರ ದಾಟಿಯೇ ಬರಬೇಕು, ಅರ್ಧ ಹೊಲ ಅಲ್ಲೇ ಖರ್ಚು. ಕರೆಂಟ್ ತಂತಿ ಮೇಲಿನಿಂದ ಕಾಣಲ್ಲ, ಕಂಬ ಹುಡುಕಿ ನಡುವೆ ತಂತಿ ಇದೆ ಅಂತಲೇ ತಿಳಿಯಬೇಕು. ಹೊಸ ಲೇಔಟು ನೋಡೋಕೆ ಚಂದ, ಸೈಟಿಗೊಂದು ಕಲ್ಲು ನೆಟ್ಟಿರುತ್ತಾರೆ. ರಾಗಿ ಕಟಾವಾದ ಉದ್ದನೆಯ ಸಮತಟ್ಟು ಹೊಲವೇ ವಾಸಿ. ಆದರೆ ಹಸು ಮೇಯುತ್ತಿದೆಯಾ ನೋಡಬೇಕು. ಇನ್ನು ಮಕ್ಕಳು ಓಡಿ ಬರುತ್ತಾರೆ, ಅದೂ ನೆನಪಿರಬೇಕು.

ಆ ಪಾಠ 69 ಜೀವ ಉಳಿಸಿತು

ಎಂಜಿನ್ ಇರುವ ವಿಮಾನ ನಡೆಸುವವರಿಗೆ ಈ ವಿದ್ಯೆ ಯಾಕೆ ಅಂತ ಕೇಳಬಹುದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ 41,000 ಅಡಿಯಲ್ಲಿ ಮುಗಿದುಹೋಯಿತು. ಕಿಲೋ ಮತ್ತು ಪೌಂಡ್ ನಡುವಿನ ಲೆಕ್ಕದ ತಪ್ಪಿನಿಂದ ಬೇಕಾದ್ದಕ್ಕಿಂತ ಕಡಿಮೆ ತುಂಬಿಸಿದ್ದರು. ಒಳಗೆ 69 ಜನ. ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಪೈಲಟ್ ಕೂಡ ಆಗಿದ್ದರು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯ ಕಡೆ ಜಾರುತ್ತಾ ಬಂದಾಗ ಎತ್ತರ ಜಾಸ್ತಿ ಇತ್ತು, ಸುತ್ತು ಹಾಕಲು ಸಾಲುತ್ತಿರಲಿಲ್ಲ. ಅವರು ಒಂದು ರೆಕ್ಕೆ ತಗ್ಗಿಸಿ, ಎದುರು ರಡರ್ ಒತ್ತಿ, ಅಷ್ಟು ದೊಡ್ಡ ವಿಮಾನವನ್ನು ಅಡ್ಡಡ್ಡ ಜಾರಿಸಿ ಎತ್ತರ ಕಳೆದರು. ಇದು ಸೈಡ್‌ಸ್ಲಿಪ್, ಗ್ಲೈಡರ್ ವಿದ್ಯಾರ್ಥಿಗಳು ಕಲಿಯುವ ಹಳೆಯ ಪಟ್ಟು. ಎಲ್ಲರೂ ಬದುಕಿದರು.

2009ರ ಜನವರಿ 15ರಂದು ನ್ಯೂಯಾರ್ಕಿನ ಮೇಲೆ ಹಕ್ಕಿಗಳು ಬಡಿದು ಎರಡೂ ಎಂಜಿನ್ ಬಲ ಕಳೆದುಕೊಂಡ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಕೂಡ ಹರೆಯದಲ್ಲಿ ಗ್ಲೈಡರ್ ಹಾರಿಸಿದವರು. ಅವರ ಮುಂದೆ ಎರಡು ರನ್‌ವೇಗಳ ಆಸೆ ಇತ್ತು. ಎರಡಕ್ಕೂ ತಲುಪಲ್ಲ ಅಂತ ಬೇಗ ಒಪ್ಪಿಕೊಂಡರು. ತಲುಪದ ಕಡೆಗೆ ಎಳೆಯಲಿಲ್ಲ. ತಲುಪುವ ಕಡೆ ಹಿಡಿತದಲ್ಲಿ ಇಳಿದರು.

ಕಲಿಯಬೇಕು ಅನ್ನಿಸಿದರೆ

ನಮ್ಮಲ್ಲಿ 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ಪಡೆಯಬಹುದು, ವೈದ್ಯಕೀಯ ತಪಾಸಣೆ ಆಗಬೇಕು. ಗ್ಲೈಡಿಂಗ್ ಅಂದ ಕೂಡಲೇ ದೇಶದಲ್ಲಿ ಮೊದಲು ನೆನಪಾಗುವುದು ಪುಣೆಯ ಹಡಪ್ಸರ್‌ನ ಸರ್ಕಾರಿ ಕೇಂದ್ರ. ಎಲ್ಲಿಗೇ ಹೋಗಿ, ಮೊದಲ ದಿನ ಎತ್ತರದ ರೋಮಾಂಚನದ ಬಗ್ಗೆ ಕೇಳಬೇಡಿ. 'ಇಲ್ಲಿ ಇಳಿಯೋದು ಹೇಗೆ ಕಲಿಸ್ತೀರಿ? ಹಗ್ಗ ತುಂಡಾದರೆ ಏನು ಮಾಡಬೇಕು ಅಂತ ಎಷ್ಟು ಸಲ ಅಭ್ಯಾಸ ಮಾಡಿಸ್ತೀರಿ?' ಅಂತ ಕೇಳಿ. ಉತ್ತರ ಕೊಡಲು ಉತ್ಸಾಹ ತೋರಿಸುವ ಬೋಧಕರ ಹಿಂದೆ ಹೋಗಿ.

ಮತ್ತೆ ವಿಜಯಪುರದ ತಾರಸಿಗೆ ಬರೋಣ. ಬಿಸಿಲು ಇಳಿಯುತ್ತಿದೆ, ಮೇಲೇಳುವ ಗಾಳಿ ನಿಂತಿದೆ. ಮಧ್ಯಾಹ್ನದಿಂದ ಸುತ್ತುತ್ತಿದ್ದ ಹದ್ದು ತೆಂಗಿನಮರದ ಕಡೆ ಜಾರುತ್ತಿದೆ. ರೆಕ್ಕೆ ಸ್ವಲ್ಪ ಮಡಚಿತು, ಬಾಲ ಹರವಿತು, ಗಾಳಿಗೆ ಎದುರು ತಿರುಗಿತು, ಗರಿಯ ಮೇಲೆ ಸದ್ದಿಲ್ಲದೆ ಕೂತಿತು. ಗರಿ ತಪ್ಪಿದ್ದರೆ ಅದು ನಾಲ್ಕು ಸಲ ರೆಕ್ಕೆ ಬಡಿದು ಮತ್ತೆ ಬರುತ್ತಿತ್ತು. ಗ್ಲೈಡರಿಗೆ ಆ ನಾಲ್ಕು ಬಡಿತ ಇಲ್ಲ. ಅದಕ್ಕೇ ಅದರ ವಿದ್ಯಾರ್ಥಿ ಇಳಿಯುವ ಯೋಚನೆಯನ್ನು ಮೇಲೆ, ಇನ್ನೂ ಸಮಯ ಇರುವಾಗಲೇ ಮಾಡಿ ಮುಗಿಸಬೇಕು.